ಚಿಕ್ಕತ್ತೆಯ ನಗುವಿನ ಸದ್ದು ವಾಪಸು ಕೊಡಿ

ಸಂಜೆ ಏಳರ ಸುದ್ದಿಗೆ ಯಜಮಾನರಾಗಿರುವ ಮಾನ್ಯರೇ,

ಕಳೆದ ವಾರ ನಿಮ್ಮ ಕಚೇರಿಯಿಂದ ಒಬ್ಬಳು ಹೆಣ್ಣುಮಗಳು ನಮ್ಮ ಸ್ಟುಡಿಯೊಗೆ ಫೋನ್ ಮಾಡಿದ್ದಳು. ತುಂಬ ವಿನಯದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಕೊರೊನಾ ಬಂದು ಮೂರು ವರ್ಷವಾಯಿತೆಂದು ನೀವು ವಿಶೇಷ ಕಾರ್ಯಕ್ರಮ ಮಾಡುತ್ತಿದ್ದೀರಂತೆ, ಅದಕ್ಕೆ ‘ಅಂದು ಅತ್ತವರು’ ಎಂದು ಹೆಸರಿಟ್ಟಿದ್ದೀರಂತೆ. ನಿಮ್ಮ ಆಗಿನ ವರದಿಯಲ್ಲಿ ಕಾಣಿಸಿಕೊಂಡ ಇಬ್ಬರು ಅಜ್ಜಿಯರಲ್ಲಿ ಯಾರಾದರೂ ಇನ್ನೂ ಇದ್ದಾರಾ ಎಂದು ಕೇಳಿದಳು. ಒಬ್ಬರು ಇದ್ದಾರೆ ಎಂದೆ. ‘ಸದ್ಯ, ಒಳ್ಳೇದಾಯ್ತು’ ಎಂದಳು. ಹಾಗಾದರೆ ಅವತ್ತು ಅತ್ತ ಜಾಗದಲ್ಲೇ ಅವರನ್ನು ಇನ್ನೊಮ್ಮೆ ಕೂರಿಸಬಹುದಾ ಎಂದು ಕೇಳಿದಳು. ನಾನು ಫೋನ್ ಇಟ್ಟುಬಿಟ್ಟೆ. ಬರೆದು ಹರಿದು, ಬರೆದು ಹರಿದು, ಈ ಪತ್ರ ಇಷ್ಟು ದಿನ ತಡವಾಯಿತು.

ಸ್ವಾಮಿ, ಅವತ್ತು ಯಾರೂ ಅಳಲಿಲ್ಲ. ನನ್ನ ಅತ್ತೆ ಮತ್ತು ಅವರ ತಂಗಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನೀವು ಆ ನಗುವಿನ ಸದ್ದು ಕಿತ್ತು ಅದರ ಜಾಗದಲ್ಲಿ ಪಿಯಾನೊ ಇಟ್ಟಿರಿ. ಸಾವು ಹತ್ತಿರ ಬಂದಾಗ ತನಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮನುಷ್ಯ ತಾನೇ ಮುಂಚಿತವಾಗಿ ಬರೆದಿಡುವ ಕಾಗದವನ್ನು, ಮುದುಕರ ಕೈಯಿಂದ ಆಸ್ಪತ್ರೆ ಹಾಸಿಗೆ ಕಿತ್ತುಕೊಳ್ಳುವ ಕಾಗದವೆಂದು ಇಡೀ ದೇಶಕ್ಕೆ ತೋರಿಸಿದಿರಿ. ಅದನ್ನು ನೋಡಿ ನನ್ನ ಚಿಕ್ಕತ್ತೆಯ ಮನೆಯಲ್ಲಿ ಏನಾಯಿತು ಎಂಬುದನ್ನು ನಿಮಗೆ ಹಿಂದೊಮ್ಮೆ ಖಾಸಗಿಯಾಗಿ ಬರೆದಿದ್ದೆ. ನಿಮ್ಮ ಉತ್ತರವೂ ಬಂದಿತ್ತು. ಈಗ ಊರೆಲ್ಲ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಆನ್‌ದೊಂಗ್‌ನ ಹಳೆಯ ಮಾರುಕಟ್ಟೆಯ ಹಿಂದೆ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವವಳು. ಮಾವನವರ ಕಾಲದ್ದು, ಕೆಳಗೆ ಸ್ಟುಡಿಯೊ, ಮೇಲೆ ಮನೆ. ಪಾಸ್‌ಪೋರ್ಟಿನ ಚಿತ್ರ, ಮಗುವಿನ ಮೊದಲ ವರ್ಷದ ಚಿತ್ರ, ಮದುವೆಯ ಚಿತ್ರ ಎಲ್ಲ ತೆಗೆಯುತ್ತೇನೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಆಯುಸ್ಸಿನ ಚಿತ್ರಕ್ಕೆ. ಸತ್ತ ಮೇಲೆ ಹೂವಿನ ನಡುವೆ ಇಡುವ, ಆಮೇಲೆ ವರ್ಷವರ್ಷವೂ ಎಡೆಯ ಹಿಂದೆ ನಿಲ್ಲಿಸುವ ಚಿತ್ರವನ್ನು ಬದುಕಿರುವಾಗಲೇ ಚೆನ್ನಾಗಿ ಉಟ್ಟುಕೊಂಡು ಬಂದು ತೆಗೆಸಿಕೊಂಡರೆ ಆಯುಸ್ಸು ಹೆಚ್ಚುತ್ತದೆ. ಕೊನೆಯ ಉಡುಪನ್ನು ಮೊದಲೇ ಹೊಲಿಸಿಟ್ಟರೂ ಅಷ್ಟೆ. ಅದರಲ್ಲೂ ಅಧಿಕ ಮಾಸದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಆ ತಿಂಗಳು ದೈವಗಳೆಲ್ಲ ರಜೆಯ ಮೇಲೆ ಹೋಗಿರುತ್ತವೆ, ನಾವು ಏನು ಮಾಡಿದರೂ ತಪ್ಪು ಹುಡುಕುವವರಿರುವುದಿಲ್ಲ. ಇದನ್ನೆಲ್ಲ ನಿಮಗೆ ವಿವರಿಸಬೇಕಾಗಿ ಬಂದದ್ದೇ ನನಗೆ ನಾಚಿಕೆ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೂ ಅಂಥದ್ದೊಂದು ಉಡುಪು ಇದ್ದೇ ಇರುತ್ತದೆ, ಹೋಗಿ ನೋಡಿ.

ಕೊರೊನಾ ಬಂದ ವರ್ಷವೂ ಅಧಿಕ ಮಾಸ ಬಂದಿತ್ತು. ಮುದುಕರು ಸೇರುವ ಕೂಟದ ಮನೆಗಳಿಗೆಲ್ಲ ಚಳಿಗಾಲದಿಂದಲೇ ಬೀಗ. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ಅಜ್ಜಿಯರಿಗೆ ನನ್ನ ಸ್ಟುಡಿಯೊ ಒಂದು ನೆಪವಾಯಿತು. ನನ್ನ ಅತ್ತೆ ಟಾಕ್ ಬುನ್‌ನ್ಯೊ, ಅವರ ತಂಗಿ ಟಾಕ್ ಮಾಲ್‌ನ್ಯೊ. ತಂಗಿಯನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ಇಬ್ಬರೂ ಹುಡುಗಿಯರಾಗಿದ್ದಾಗ ಸೆಣಬಿನ ನಾರನ್ನು ಹಲ್ಲಿನಲ್ಲಿ ಸೀಳಿ, ತೊಡೆಯ ಮೇಲೆ ಹೊಸೆದು ನೂಲು ಮಾಡಿದವರು. ಚಿಕ್ಕತ್ತೆಯ ತೊಡೆಯ ಮೇಲೆ ಆ ಗುರುತು ಕೊನೆಯವರೆಗೂ ಇತ್ತು. ತಾನೇ ಹೊಸೆದು ತಾನೇ ನೇಯ್ದ ಬಟ್ಟೆಯಲ್ಲಿ ತನ್ನ ಕೊನೆಯ ಉಡುಪನ್ನು ಹಿಂದಿನ ಯಾವುದೋ ಅಧಿಕ ಮಾಸದಲ್ಲೇ ಹೊಲಿದಿಟ್ಟುಕೊಂಡಿದ್ದರು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಅಕ್ಕಪಕ್ಕದವರನ್ನು ಕರೆದು ತೋರಿಸಿ, ಮತ್ತೆ ಮಡಚಿಡುತ್ತಿದ್ದರು.

ಆ ತಿಂಗಳು ಅಕ್ಕತಂಗಿ ಇನ್ನೊಂದು ಕೆಲಸವನ್ನೂ ಮುಗಿಸಿಕೊಂಡರು. ನಾನು ಮೇಲೆ ಹೇಳಿದ ಆ ಕಾಗದವನ್ನು, ಅಂದರೆ ಮುಂಗಡ ಇಚ್ಛಾಪತ್ರವನ್ನು, ಬರೆಸುವ ಕೇಂದ್ರಕ್ಕೆ ಹೋದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಸಲಹೆಗಾರ್ತಿ ಮಾಸ್ಕ್ ಹಾಕಿಕೊಂಡು, ಗಾಜಿನ ಆಚೆ ಕೂತು, ಕಿವಿ ಮಂದವಾಗಿದ್ದ ಅತ್ತೆಗೆ ಕೂಗಿ ಕೂಗಿ ಹೇಳಿದರು. ನೀವು ಯಾರೂ ಕೇಳಿಸಿಕೊಳ್ಳದ ಮಾತು ಅದು, ಅದಕ್ಕೇ ಇಲ್ಲಿ ಬರೆಯುತ್ತೇನೆ. ವಾಸಿಯಾಗುವ ದಾರಿಯೇ ಇಲ್ಲ, ಸಾವು ಹತ್ತಿರದಲ್ಲಿದೆ ಎಂದು ಇಬ್ಬರು ವೈದ್ಯರು ಒಪ್ಪಿದರೆ ಮಾತ್ರ ಈ ಕಾಗದಕ್ಕೆ ಬೆಲೆ. ಅಲ್ಲಿಯವರೆಗೆ ಇದು ಬರೀ ಕಾಗದ. ವಾಸಿಯಾಗುವ ಆಸೆ ಇರುವವರಿಗೆ ವೆಂಟಿಲೇಟರ್ ಹಾಕುವುದನ್ನು ಇದು ತಡೆಯುವುದಿಲ್ಲ. ನೋವಿನ ಔಷಧಿ, ನೀರು, ಆಹಾರ, ಆಮ್ಲಜನಕ ಇವನ್ನು ಯಾರೂ, ಯಾವ ಕಾಗದ ತೋರಿಸಿಯೂ ನಿಲ್ಲಿಸುವಂತಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ವಾಪಸು ತೆಗೆದುಕೊಳ್ಳಬಹುದು. ಇಷ್ಟೇ. ಚಿಕ್ಕತ್ತೆ ಎಲ್ಲ ಕೇಳಿ, ಯಂತ್ರ ಬೇಡ ಅಂತ ಬರೆದರೆ ಅಕ್ಕಿ ಹೆಂಡವೂ ಬೇಡ ಅಂತ ಆಗುತ್ತಾ ಎಂದು ಕೇಳಿದ್ದಕ್ಕೆ ಆ ಸಲಹೆಗಾರ್ತಿ ಮಾಸ್ಕಿನೊಳಗೇ ನಕ್ಕದ್ದು ನನಗೆ ನೆನಪಿದೆ.

ಅದಾದ ಕೆಲವೇ ದಿನಕ್ಕೆ ನಿಮ್ಮವರು ಬಂದರು. ಮಹಾಮಾರಿಯ ನಡುವೆಯೂ ಹಳೆಯ ಪದ್ಧತಿ ನಡೆಯುತ್ತಿದೆ, ಅದನ್ನು ಚಿತ್ರೀಕರಿಸುತ್ತೇವೆ ಎಂದು ಹೇಳಿಕೊಂಡು ಬಂದರು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವನು. ಅತ್ತೆ ಅವರಿಗೆ ಕಲ್ಲಂಗಡಿ ಕೊಯ್ದು ಕೊಟ್ಟರು. ತಿಂದರು. ಅಜ್ಜಿಯರು ಇಚ್ಛಾಪತ್ರವನ್ನೂ ಬರೆದಿದ್ದಾರೆ ಎಂದು ತಿಳಿದಾಗ ವರದಿಗಾರನ ಮುಖ ಅರಳಿತು. ಯಾರು ಬರೆಯಲು ಹೇಳಿದರು, ಆಸ್ಪತ್ರೆಯವರಾ, ಮಕ್ಕಳಾ ಎಂದು ಬೇರೆಬೇರೆ ರೀತಿಯಲ್ಲಿ ಕೇಳಿದ. ಯಾರೂ ಹೇಳಲಿಲ್ಲ ಎಂಬ ಉತ್ತರ ಅವನಿಗೆ ರುಚಿಸಲಿಲ್ಲ. ಆ ಕೇಂದ್ರ ಇಲ್ಲೇ ಹತ್ತಿರ, ಹೋಗಿ ಕೇಳಿ ಎಂದು ನಾನೇ ಹೇಳಿದೆ. ಅಲ್ಲಿ ತೋರಿಸುವಂಥದ್ದು ಏನೂ ಇರುವುದಿಲ್ಲ ಎಂದ. ಮೇಜು, ಕುರ್ಚಿ, ಒಬ್ಬ ಹೆಂಗಸು, ಅಷ್ಟೆ ಎಂದ.

ಇನ್ನು ನೀವು ಕತ್ತರಿಸಿ ಎಸೆದ ಭಾಗ. ಚಿಕ್ಕತ್ತೆ ಹಬ್ಬಕ್ಕೆ ಉಡುವ ತಿಳಿಗುಲಾಬಿ ಹನ್‌ಬೋಕ್ ಉಟ್ಟು ನನ್ನ ಕ್ಯಾಮೆರಾದ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಅವರ ಕೊರಳಪಟ್ಟಿಗೆ ನಿಮ್ಮವರು ಮೈಕ್ ಸಿಕ್ಕಿಸಿದ್ದರು. ಅತ್ತೆ ಪಕ್ಕದಲ್ಲಿ ನಿಂತು ತಂಗಿಯ ತಲೆಗೂದಲು ಸರಿಮಾಡುತ್ತಿದ್ದರು. ಸ್ವಲ್ಪ ಗಂಭೀರವಾಗಿರಲಾ, ನಗಲಾ ಎಂದು ಚಿಕ್ಕತ್ತೆ ನನ್ನನ್ನು ಕೇಳಿದರು. ನಿಮ್ಮಿಷ್ಟ ಎಂದೆ.

‘ಹಾಗಾದ್ರೆ ನಗ್ತೀನಿ ಕಣೇ. ವರ್ಷಾವರ್ಷ ಎಡೆ ಇಡೋಳು ನನ್ನ ಸೊಸೆ. ಪಾಪ, ನನ್ನ ಮುಖ ನೋಡಿ ಹೆದರ್ಕೋಬಾರ್ದು.’

‘ಹೆದರಲಿ ಬಿಡೇ,’ ಎಂದರು ಅತ್ತೆ. ‘ಹೆದರಿದ್ರೆ ದೊಡ್ಡ ಬಂಗುಡೆ ಇಡ್ತಾಳೆ.’

‘ನಿನ್ನ ಸೊಸೆ ಇಲ್ಲೇ ನಿಂತು ಎಲ್ಲ ಕೇಳಿಸ್ಕೊಂಡಳು ಅಕ್ಕಾ. ನಿನಗಿನ್ನು ಬಾಲ ಮಾತ್ರ.’

ಅಷ್ಟೇ ಸ್ವಾಮಿ. ಅಲ್ಲಿಂದ ಶುರುವಾದ ನಗು ನಿಲ್ಲಲಿಲ್ಲ. ಚಿಕ್ಕತ್ತೆಯದು ಒಂದು ವಿಚಿತ್ರ ನಗು. ಮೊದಲು ಸದ್ದೇ ಇರುವುದಿಲ್ಲ, ಮೈಯೆಲ್ಲ ಅಲುಗುತ್ತದೆ, ಆಮೇಲೆ ಒಮ್ಮೆಲೇ ಕೀರಲು ದನಿಯಲ್ಲಿ ಮೇಲೇಳುತ್ತದೆ. ನಗುತ್ತಾ ನಗುತ್ತಾ ಅಕ್ಕನ ಸೊಂಟಕ್ಕೆ ಮುಖ ಒತ್ತಿಕೊಂಡರು. ಅತ್ತೆ ತಮ್ಮ ಉಡುಪಿನ ಎದೆಯಿಂದ ಸೆರಗಿನಂತೆ ಇಳಿಬಿದ್ದಿದ್ದ ಪಟ್ಟಿಯಿಂದ ಕಣ್ಣೊರೆಸಿಕೊಂಡರು. ನನಗೂ ನಗು ತಡೆಯಲಾಗದೆ ಮೊದಲ ಎರಡು ಚಿತ್ರ ಅಲುಗಿಹೋದವು. ನಿಮ್ಮ ಕ್ಯಾಮೆರಾದವನೂ ನಕ್ಕ. ಅವನು ಒಳ್ಳೆಯವನೇ ಇರಬೇಕು.

ಮುಂದಿನ ವಾರ ಏಳು ಗಂಟೆಗೆ ಟೀವಿ ಮುಂದೆ ಎಲ್ಲರೂ ಕೂತೆವು. ಅತ್ತೆ ಅಕ್ಕಪಕ್ಕದವರಿಗೂ ಹೇಳಿದ್ದರು. ಮೊದಲು ಯಾವುದೋ ದೂರದೇಶದ ಆಸ್ಪತ್ರೆಯ ಕಾರಿಡಾರ್ ಬಂತು, ಸಾಲುಸಾಲು ಮಂಚ, ಓಡಾಡುವ ನರ್ಸ್‌ಗಳು. ಅದು ನಮ್ಮ ದೇಶವಲ್ಲ ಎಂದು ಎಲ್ಲೂ ಹೇಳಲಿಲ್ಲ. ಅದರ ಬೆನ್ನಿಗೇ ನಮ್ಮ ಸ್ಟುಡಿಯೊ. ಅಕ್ಕನ ಸೊಂಟಕ್ಕೆ ಮುಖ ಒತ್ತಿಕೊಂಡು ಭುಜ ಅಲುಗಿಸುತ್ತಿರುವ ತಂಗಿ, ಕಣ್ಣೊರೆಸಿಕೊಳ್ಳುತ್ತಿರುವ ಅಕ್ಕ, ಎಲ್ಲ ನಿಧಾನಗತಿಯಲ್ಲಿ, ಹಿನ್ನೆಲೆಗೆ ಪಿಯಾನೊ. ‘ಹಾಸಿಗೆ ಸಾಲದೆ ಸಹಿ ಹಾಕಿದ ಅಜ್ಜಿಯರು’ ಎಂದು ಕೆಳಗೆ ದೊಡ್ಡ ಅಕ್ಷರ. ವೆಂಟಿಲೇಟರ್ ಬೇಡವೆಂದು ಬರೆದುಕೊಟ್ಟ ಇವರು ಸೋಂಕಿನ ಭಯದಲ್ಲಿ ತಮ್ಮ ಹೆಣದ ಬಟ್ಟೆಯನ್ನೂ ತಾವೇ ಹೊಲಿದುಕೊಂಡಿದ್ದಾರೆ ಎಂದು ನಿಮ್ಮ ವರದಿಗಾರ ಗಂಟಲು ಕಟ್ಟಿದವನಂತೆ ಹೇಳಿದ. ಭೇಷ್. ಎಷ್ಟೋ ವರ್ಷದ ಹಿಂದೆ ಹೊಲಿದಿಟ್ಟ ಬಟ್ಟೆಗೆ ನಿನ್ನೆ ಮೊನ್ನೆ ಹುಟ್ಟಿದ ವೈರಾಣು ಕಾರಣ. ಎಂಥ ಶೋಧ. ಆಯುಸ್ಸು ಹೆಚ್ಚಲಿ ಎಂದು ಮಾಡುವ ಕೆಲಸವನ್ನು ಸಾಯಲು ಹೊರಟವರ ಸಿದ್ಧತೆ ಮಾಡಿಬಿಟ್ಟಿರಿ. ಟೀವಿ ಮುಂದೆ ಕೂತಿದ್ದ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದುಹೋದರು.

ಆಮೇಲೆ ಬಂತು ನಿಮ್ಮ ಚರ್ಚೆ. ಒಬ್ಬ ವಕೀಲರು, ಒಬ್ಬ ನಿವೃತ್ತ ರಾಜಕಾರಣಿ, ಮುಖ ಕೆಂಪಗೆ ಮಾಡಿಕೊಂಡ ಇನ್ನೊಬ್ಬರು. ಮುದುಕರಿಗೆ ಈ ದೇಶದಲ್ಲಿ ಉಸಿರಾಡುವ ಹಕ್ಕಿಲ್ಲವೇ ಎಂದು ಅವರು ಮೇಜು ಗುದ್ದಿದರು. ಒಬ್ಬ ವೈದ್ಯೆಯನ್ನೂ ಕರೆಸಿದ್ದಿರಿ. ಆಕೆ ಆ ಕಾಗದದ ಷರತ್ತುಗಳನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಜಾಹೀರಾತು ಬಂತು. ಕೊನೆಗೆ ಆಕೆಯ ಮಾತಿನಲ್ಲಿ ಉಳಿದದ್ದು ‘ಸಾವನ್ನು ತಪ್ಪಿಸಲಾಗದಿದ್ದಾಗ’ ಎಂಬ ಒಂದು ತುಂಡು. ಅದನ್ನೇ ಮರುದಿನ ಇಡೀ ದಿನ ತಿರುಗಿಸಿ ತಿರುಗಿಸಿ ತೋರಿಸಿದಿರಿ. ಬೇರೆ ವಾಹಿನಿಗಳು ಹಿಂದೆ ಬೀಳುತ್ತವೆಯೇ? ಒಬ್ಬರು ‘ಸಾವಿನ ಸಹಿ’ ಎಂದರು, ಇನ್ನೊಬ್ಬರು ‘ಬಿಟ್ಟುಕೊಟ್ಟ ಉಸಿರು’ ಎಂದರು. ಆ ಕಾಗದವನ್ನು ನಿಮ್ಮಲ್ಲಿ ಯಾರಾದರೂ ಓದಿದ್ದಿರಾ?

ನಿಮಗೆ ಎರಡು ಬೇರೆ ಸಂಗತಿಗಳು ಒಂದೇ ಎಂದು ಕಂಡವು, ಅಥವಾ ಒಂದೇ ಎಂದು ಕಾಣಿಸಿದರೆ ಲಾಭವೆಂದು ಹೊಳೆಯಿತು. ಹಾಸಿಗೆ ಸಾಲದೆ ಹೋದಾಗ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂದು ಆಸ್ಪತ್ರೆ ತೀರ್ಮಾನಿಸುವುದು ಒಂದು. ಅದು ಇನ್ನೊಬ್ಬರು ನನ್ನ ಬಗ್ಗೆ ತೆಗೆದುಕೊಳ್ಳುವ ತೀರ್ಮಾನ. ಬದುಕುವ ದಾರಿ ಮುಗಿದ ಮೇಲೆ ನನ್ನನ್ನು ಹೇಗೆ ಕಳುಹಿಸಿಕೊಡಬೇಕು ಎಂದು ನಾನೇ ಹೇಳಿಡುವುದು ಇನ್ನೊಂದು. ಮೊದಲನೆಯದು ನಡೆಯುತ್ತಿದ್ದರೆ ಅದನ್ನು ಹೊರಗೆಳೆಯುವುದು ನಿಮ್ಮ ಕಸುಬು. ಕಷ್ಟದ ದಿನಗಳಲ್ಲಿ ಮುದುಕರ ಮೇಲೆ ಒತ್ತಡ ಬರಬಹುದು ಎಂಬ ಭಯ ಸುಳ್ಳಲ್ಲ, ಅದನ್ನು ನಾನೂ ಬಲ್ಲೆ. ಆದರೆ ಹೊರಗೆಳೆಯಬೇಕಾದರೆ ಆಸ್ಪತ್ರೆಗೆ ಹೋಗಬೇಕು, ದಾಖಲೆ ಕೇಳಬೇಕು, ದೊಡ್ಡವರ ಎದುರು ನಿಂತು ಅವರಿಗೆ ಇಷ್ಟವಾಗದ ಪ್ರಶ್ನೆ ಕೇಳಬೇಕು. ಇಬ್ಬರು ಅಜ್ಜಿಯರ ಕಲ್ಲಂಗಡಿ ತಿಂದು ಅವರ ಬಾಯಿ ಮುಚ್ಚಿಸುವುದು ಸುಲಭ. ನೀವು ಸುಲಭದ್ದನ್ನು ಮಾಡಿ ಅದಕ್ಕೆ ಜನಪರ ಕಾಳಜಿ ಎಂದು ಹೆಸರಿಟ್ಟುಕೊಂಡಿರಿ.

ನಾನು ದೂರು ಬರೆದೆ. ನಿಮ್ಮ ವೀಕ್ಷಕ ಸಂಪರ್ಕ ವಿಭಾಗದಿಂದ ಅಚ್ಚುಕಟ್ಟಾದ ಉತ್ತರ ಬಂತು. ವರದಿಯನ್ನು ಹಿರಿಯ ನಾಗರಿಕರ ಸಂಕಟವನ್ನು ಮನಮುಟ್ಟುವಂತೆ ತಿಳಿಸುವ ಸದುದ್ದೇಶದಿಂದ ಸಂಪಾದಿಸಲಾಗಿದೆ. ಪರಿಶೀಲಿಸಲಾಗಿ ಇಬ್ಬರ ಕಣ್ಣಿನಲ್ಲೂ ನೀರು ಇದ್ದದ್ದು ವಾಸ್ತವವೇ ಆಗಿರುವುದರಿಂದ ತಪ್ಪು ಮಾಹಿತಿ ಕಂಡುಬಂದಿರುವುದಿಲ್ಲ. ಇದನ್ನು ಬರೆದ ಮಹಾನುಭಾವನಿಗೆ ನಿಮ್ಮಲ್ಲಿ ಬಡ್ತಿ ಸಿಕ್ಕಿರಬೇಕು. ನಾನೂ ಚಿತ್ರದ ಕಸುಬಿನವಳು ಸ್ವಾಮಿ. ಅಂಚು ಎಲ್ಲಿ ಕತ್ತರಿಸಿದರೆ ಏನು ಮರೆಯಾಗುತ್ತದೆ ಎಂಬುದು ನನಗೂ ಗೊತ್ತು. ಗಿರಾಕಿಗಳು ಕೇಳಿದರೆ ಸುಕ್ಕು ತೆಳುವಾಗಿಸುತ್ತೇನೆ, ಕೆನ್ನೆಯ ಮಚ್ಚೆ ತೆಗೆಯುತ್ತೇನೆ, ಉದುರಿದ ಹುಬ್ಬು ಬರೆಯುತ್ತೇನೆ. ಆದರೆ ನಗುವವರನ್ನು ಅಳುವವರನ್ನಾಗಿ ಮಾಡಿಕೊಡಿ ಎಂದು ಯಾರೂ ಕೇಳಿಲ್ಲ, ಕೇಳಿದ್ದರೆ ಅಂಗಡಿಯಿಂದ ಆಚೆ ಅಟ್ಟುತ್ತಿದ್ದೆ.

ಚಿಕ್ಕತ್ತೆಗೆ ಒಬ್ಬನೇ ಮಗ, ದಾಲ್‌ಸು. ಉಲ್ಸಾನ್‌ನಲ್ಲಿ ಹಡಗು ಕಟ್ಟುವ ಕಡೆ ಕೆಲಸ. ಒರಟು ಕೈ, ಮೆದು ಮನಸ್ಸು. ಅಮ್ಮ ಸಹಿ ಹಾಕಿದ್ದು ಅವನಿಗೆ ಮೊದಲೇ ಗೊತ್ತಿತ್ತು, ಹೂಂ ಎಂದಿದ್ದ. ನಿಮ್ಮ ವರದಿ ಬಂದ ರಾತ್ರಿಯಿಂದ ನೆಂಟರ ಗುಂಪಿನಲ್ಲಿ ಸಂದೇಶಗಳು ಶುರುವಾದವು. ಹೆತ್ತ ತಾಯಿಗೆ ಒಂದು ಹಾಸಿಗೆ ಕೊಡಿಸುವ ಯೋಗ್ಯತೆ ಇಲ್ಲವಾ ಎಂದು ಒಬ್ಬ ಸೋದರಮಾವ ಬರೆದ. ಕೆಲಸದ ಕಡೆ ಊಟದ ಹೊತ್ತಿಗೆ ಯಾರೋ ಅವನ ಅಮ್ಮನ ಮುಖ ಗುರುತು ಹಿಡಿದು, ನೋಡಿ ನೋಡದವರಂತೆ ಸುಮ್ಮನಾದರಂತೆ. ಅವನಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿ ಹತ್ತಿತು. ನಮಗೂ ಬಂತು ಪಾಲು. ಆಯುಸ್ಸಿನ ಚಿತ್ರಕ್ಕೆ ಹೆಸರು ಕೊಟ್ಟವರು ಬರಲಿಲ್ಲ. ಅತ್ತೆಯನ್ನು ಸಾಯಿಸಲು ಹೊರಟ ಸೊಸೆ ಎಂದು ಮಾರುಕಟ್ಟೆಯಲ್ಲಿ ನನ್ನ ಬೆನ್ನ ಹಿಂದೆ ಆಡಿಕೊಂಡರು. ಅತ್ತೆ ಜಗ್ಗಲಿಲ್ಲ. ಕಾಗದ ವಾಪಸು ತಗೋತೀರಾ ಎಂದು ಕೇಳಿದ್ದಕ್ಕೆ, ‘ನನ್ನ ಸಾವು, ನನ್ನ ಮಾತು. ಆ ಟೀವಿಯೋನು ಬಂದು ನನ್ನ ಹಾಸಿಗೆ ಪಕ್ಕ ಕೂರ್ತಾನೇನು?’ ಎಂದರು.

ಚಿಕ್ಕತ್ತೆ ಅಷ್ಟು ಗಟ್ಟಿಯವರಲ್ಲ. ದಾಲ್‌ಸು ರಜೆ ಹಾಕಿ ಬಂದು ಅಮ್ಮನ ಮುಂದೆ ಕೂತು ಅತ್ತ. ಜನ ನನ್ನನ್ನು ಏನಂತಾರೆ ಅಮ್ಮಾ ಎಂದ. ಮರುದಿನ ಇಬ್ಬರೂ ಹೋಗಿ ಆ ಕಾಗದವನ್ನು ರದ್ದು ಮಾಡಿಸಿ ಬಂದರು. ಅದು ಅವರ ಹಕ್ಕು, ಅದರಲ್ಲಿ ನನ್ನ ತಕರಾರಿಲ್ಲ. ಮನಸ್ಸು ಬದಲಾಗಿ ರದ್ದು ಮಾಡಿಸಿದ್ದರೆ ನಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಆದರೆ ಅವರ ಮನಸ್ಸು ಬದಲಾಗಿರಲಿಲ್ಲ. ಬದಲಾದದ್ದು ಅವರ ಮುಖ, ಅದೂ ನಿಮ್ಮ ಪರದೆಯ ಮೇಲೆ.

ಚಳಿಗಾಲದಲ್ಲಿ ಚಿಕ್ಕತ್ತೆಗೆ ಸೋಂಕು ತಗಲಿತು. ಪ್ರತ್ಯೇಕ ವಾರ್ಡು, ಯಾರಿಗೂ ಒಳಗೆ ಪ್ರವೇಶವಿಲ್ಲ. ಗಂಟಲಿಗೆ ವೆಂಟಿಲೇಟರಿನ ಕೊಳವೆ ಹಾಕುವ ಮುಂಚೆ ನರ್ಸ್ ಒಬ್ಬಳು ವೀಡಿಯೊ ಕರೆ ಮಾಡಿಕೊಟ್ಟಳು. ಮೊದಲು ಮಗನೊಂದಿಗೆ, ಆಮೇಲೆ ಅಕ್ಕನೊಂದಿಗೆ ಮಾತಾಡಿದರು. ಏದುಸಿರು. ನಾನು ಅತ್ತೆಯ ಮುಖದ ಮುಂದೆ ಫೋನ್ ಹಿಡಿದುಕೊಂಡಿದ್ದೆ.

‘ಅಕ್ಕಾ, ಆ ಕಾಗದ ವಾಪಸ್ ತಗೊಂಡೆ ನೋಡು. ಹುಡುಗ ಅತ್ತುಬಿಟ್ಟ, ಏನ್ ಮಾಡ್ಲಿ. ನೀನಾದ್ರೂ ಅವನಿಗೆ ಹೇಳು.’

ಏನು ಹೇಳಬೇಕು ಎಂದು ಅತ್ತೆ ಕೇಳುವಷ್ಟರಲ್ಲಿ ಅವರು ಕೆಮ್ಮತೊಡಗಿದರು. ಕರೆ ನಿಂತಿತು. ಅದೇ ಕೊನೆಯ ಮಾತು.

ಮೊದಲ ದಿನಗಳಲ್ಲಿ ವೆಂಟಿಲೇಟರ್ ಹಾಕಿದ್ದು ಸರಿಯೇ. ವಾಸಿಯಾಗುವ ಆಸೆ ಇತ್ತು, ಕಾಗದ ಇದ್ದಿದ್ದರೂ ಹಾಕುತ್ತಿದ್ದರು, ಹಾಕಲೇಬೇಕಿತ್ತು. ನಾನು ಹೇಳುತ್ತಿರುವುದು ಆಮೇಲಿನ ಮಾತು. ಮೂತ್ರಪಿಂಡ ಕೈಕೊಟ್ಟಿತು, ಆಮೇಲೆ ಒಂದೊಂದೇ ಅಂಗ. ಇನ್ನು ಹಿಂದಿರುಗುವ ದಾರಿ ಇಲ್ಲ ಎಂದು ವೈದ್ಯರು ದಾಲ್‌ಸುಗೆ ಫೋನಿನಲ್ಲಿ ಹೇಳಿದರು. ನಿಮ್ಮ ತಾಯಿಗೆ ಏನಿಷ್ಟವಿತ್ತು ಎಂದು ಕೇಳಿದರು. ಅತ್ತೆ ಅವನಿಗೆ ಫೋನ್ ಮಾಡಿ ತಂಗಿಯ ಮಾತನ್ನು ಹಾಗೇ ತಲುಪಿಸಿದರು. ಅವನು ಹೂಂ ದೊಡ್ಡಮ್ಮ, ಹೂಂ ದೊಡ್ಡಮ್ಮ ಎಂದ. ಆದರೆ ವೈದ್ಯರು ಮತ್ತೆ ಕೇಳಿದಾಗ, ಎಲ್ಲ ಮಾಡಿ, ಏನೂ ನಿಲ್ಲಿಸಬೇಡಿ ಎಂದ. ವಾರಗಟ್ಟಲೆ ಹಾಗೇ ನಡೆಯಿತು. ರಕ್ತ ತೊಳೆಯುವ ಯಂತ್ರ, ಕತ್ತಿನಲ್ಲಿ ಕೊಳವೆ, ಎದೆಯಲ್ಲಿ ಕೊಳವೆ. ಕೊನೆಗೆ ಎದೆ ಒತ್ತಿ ಒತ್ತಿ ಪಕ್ಕೆಲುಬು ಮುರಿಯಿತಂತೆ. ಚಿಕ್ಕತ್ತೆ ಬೇಡವೆಂದು ಬರೆದಿದ್ದ ಪ್ರತಿಯೊಂದನ್ನೂ ಅವರ ಮೇಲೆ ಮಾಡಲಾಯಿತು, ನಮ್ಮವರು ಒಬ್ಬರೂ ಪಕ್ಕದಲ್ಲಿರಲಿಲ್ಲ.

ದಾಲ್‌ಸುವನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ‘ಅತ್ತಿಗೆ, ಅಮ್ಮನ ಮಾತನ್ನ ಅಮ್ಮನ ಕೈಯಲ್ಲೇ ಅಳಿಸಿದೋನು ನಾನು. ಇನ್ಯಾವ ಬಾಯಲ್ಲಿ ನಿಲ್ಸಿ ಅಂತ ಹೇಳ್ಲಿ?’ ಎಂದು ಅವನು ನನ್ನ ಹತ್ತಿರ ಹೇಳಿಕೊಂಡ. ತಾಯಿಯನ್ನು ಬಿಟ್ಟುಕೊಟ್ಟ ಮಗ ಎಂದು ಇನ್ನೊಮ್ಮೆ ಏಳು ಗಂಟೆಗೆ ಬರುತ್ತೇನೇನೋ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ನಿಮ್ಮ ವಾಹಿನಿಗೆ ಅಷ್ಟು ಶಕ್ತಿ ಇದೆ ನೋಡಿ, ಅಭಿನಂದನೆಗಳು.

ಸೋಂಕಿನಿಂದ ಸತ್ತವರಿಗೆ ಆಗ ನಿಯಮ ಹಾಗಿತ್ತು: ಮೊದಲು ದಹನ, ಆಮೇಲೆ ಉಳಿದ ವಿಧಿಗಳು. ದೇಹವನ್ನು ಆಸ್ಪತ್ರೆಯಲ್ಲೇ ಚೀಲದೊಳಗೆ ಹಾಕಿ ಬಿಗಿ ಮಾಡಿದ್ದರು, ತೆರೆಯುವಂತಿರಲಿಲ್ಲ. ತನ್ನ ತೊಡೆಯ ಮೇಲೆ ಹೊಸೆದ ನೂಲಿನ ಉಡುಪನ್ನು ಚಿಕ್ಕತ್ತೆಗೆ ಉಡಿಸಲಾಗಲಿಲ್ಲ. ಮಡಚಿ ಚೀಲದ ಮೇಲೆ ಇಟ್ಟು ಪೆಟ್ಟಿಗೆ ಮುಚ್ಚಿದರು. ಎಷ್ಟೋ ಬಿಸಿಲು ಕಂಡ ಬಟ್ಟೆ, ಮಡಿಕೆ ಬಿಚ್ಚದೆಯೇ ಬೆಂದುಹೋಯಿತು. ಹೆಣದ ಬಟ್ಟೆಯ ಮೇಲೆ ಅಷ್ಟೊಂದು ಮರುಕವಿದ್ದ ನಿಮ್ಮ ವರದಿಗಾರ ಆವತ್ತು ಎಲ್ಲಿದ್ದನೋ ಗೊತ್ತಿಲ್ಲ.

ಹೂವಿನ ನಡುವೆ ಇಡಲು ನಾನು ಅವರು ನಗುತ್ತಿರುವ ಚಿತ್ರವನ್ನು ಚೌಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ದಾಲ್‌ಸು ಅದನ್ನು ನೋಡಿ ಬೇಡ ಅತ್ತಿಗೆ ಎಂದ. ಅದೇ ಉಡುಪು, ಅದೇ ಸ್ಟೂಲು, ಬಂದವರೆಲ್ಲ ಟೀವಿಯಲ್ಲಿ ಅತ್ತದ್ದನ್ನು ನೋಡಿದ್ದಾರೆ, ಈಗ ನಗುವ ಚಿತ್ರ ಇಟ್ಟರೆ ಇದೇನು ನಾಟಕ ಎನ್ನುತ್ತಾರೆ ಎಂದ. ಅವರ ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಕೊಟ್ಟೆ. ತುಟಿ ಬಿಗಿದುಕೊಂಡ, ಬೆದರಿದ ಮುಖ. ಈಗ ವರ್ಷವರ್ಷವೂ ಎಡೆಯ ಹಿಂದೆ ನಿಲ್ಲುವುದು ಅದೇ. ಸೊಸೆ ಹೆದರಬಾರದೆಂದು ನಕ್ಕ ಹೆಂಗಸು ಈಗ ಸೊಸೆಯನ್ನು ಹಾಗೆ ನೋಡುತ್ತಾ ನಿಂತಿದ್ದಾರೆ, ಅವಳು ಪಾಪ, ದೊಡ್ಡ ಬಂಗುಡೆಯನ್ನೇ ಇಡುತ್ತಾಳೆ.

ಇಷ್ಟೆಲ್ಲ ಆದ ಮೇಲೆ ನೀವು ಮತ್ತೆ ಬರುತ್ತೀರಂತೆ. ನೋಡಿ, ಈ ಬಾರಿಯೂ ಅಧಿಕ ಮಾಸ ಬಂದಿದೆ, ದೈವಗಳು ರಜೆಯ ಮೇಲಿವೆ, ನೀವು ಧೈರ್ಯವಾಗಿ ಏನು ಬೇಕಾದರೂ ಮಾಡಬಹುದು. ಆದರೆ ನನ್ನ ಅತ್ತೆ ನಿಮ್ಮ ಕ್ಯಾಮೆರಾದ ಮುಂದೆ ಕೂರುವುದಿಲ್ಲ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ಮಬ್ಬು ಬೆಳಕು ಮಾತ್ರ ತಿಳಿಯುತ್ತದೆ. ಕಿವಿಗೆ ಯಂತ್ರ ಹಾಕಿಸಿದ್ದೇವೆ, ಈಗ ಚೆನ್ನಾಗಿ ಕೇಳಿಸುತ್ತದೆ. ತಂಗಿಯ ಎಡೆಗೆ ಹೋದಾಗ ಯಾವ ಚಿತ್ರ ಇಟ್ಟರೂ ಅವರಿಗೆ ಒಂದೇ. ನಮ್ಮ ಸ್ಟುಡಿಯೊದಲ್ಲಿ ಚಿಕ್ಕತ್ತೆಯ ಚಿತ್ರಗಳು ರಾಶಿ ಬಿದ್ದಿವೆ, ಮದುವೆಯದು, ಮಗುವನ್ನು ಎತ್ತಿಕೊಂಡದ್ದು, ಸೆಣಬಿನ ಹೊಲದಲ್ಲಿ ನಿಂತದ್ದು. ದನಿ ಒಂದೂ ಇಲ್ಲ. ಜೀವನವಿಡೀ ಚಿತ್ರ ತೆಗೆದವರ ಮನೆಯಲ್ಲಿ ಯಾರೂ ಒಂದು ಮಾತನ್ನು ಹಿಡಿದಿಡಲಿಲ್ಲ. ನಿಮ್ಮ ಹುಡುಗಿಯ ಫೋನ್ ಬಂದ ವಿಷಯ ಅತ್ತೆಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕಿವಿಯ ಯಂತ್ರ ಸರಿಮಾಡಿಕೊಂಡು ಕೇಳಿದರು.

‘ಮಗಾ, ಅವಳ ಕೊರಳಿಗೆ ಅದೇನೋ ಸಿಕ್ಕಿಸಿದ್ರಲ್ಲ. ಅವಳು ನಕ್ಕಿದ್ದು ಅವರ ಹತ್ರ ಇನ್ನೂ ಇರುತ್ತಾ?’

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇದು, ಬೇಡಿಕೆಯೇ ಹೊರತು ವಿನಂತಿಯಲ್ಲ. ಆ ದಿನ ನಮ್ಮ ಸ್ಟುಡಿಯೊದಲ್ಲಿ ನೀವು ಹಿಡಿದದ್ದನ್ನೆಲ್ಲ, ಬಂಗುಡೆಯ ಮಾತಿನಿಂದ ಹಿಡಿದು ನಗು ನಿಲ್ಲುವವರೆಗೆ, ಅದರದೇ ಸದ್ದಿನೊಂದಿಗೆ, ಅದೇ ಏಳು ಗಂಟೆಗೆ ಪ್ರಸಾರ ಮಾಡಿ. ಆ ಕಾಗದದಲ್ಲಿ ಏನು ಬರೆದಿದೆ ಎಂಬುದನ್ನು, ಈ ಬಾರಿ ಜಾಹೀರಾತು ಹಾಕದೆ, ಯಾರಿಂದಲಾದರೂ ಪೂರ್ತಿಯಾಗಿ ಹೇಳಿಸಿ. ನಗುತ್ತಿದ್ದವರನ್ನು ಅಳುತ್ತಿದ್ದಾರೆಂದು ತೋರಿಸಿದ್ದು ನಾವೇ ಎಂದು ನಿಮ್ಮ ಬಾಯಿಂದ ಹೇಳಿ, ದಾಲ್‌ಸುಗೆ ಕೇಳಿಸುವಂತೆ. ಅದೆಲ್ಲ ಆಗುವುದಿಲ್ಲ, ಅಷ್ಟು ದೊಡ್ಡತನ ನಮ್ಮಲ್ಲಿಲ್ಲ ಎನ್ನುವುದಾದರೆ ಅದೂ ನನಗೆ ಆಶ್ಚರ್ಯವಲ್ಲ. ಆಗ ಕಡೇಪಕ್ಷ ಇಷ್ಟು ಮಾಡಿ. ಆ ಮೈಕಿನ ಸದ್ದನ್ನು ನಮ್ಮ ವಿಳಾಸಕ್ಕೆ ಕಳುಹಿಸಿ. ಚಿತ್ರ ನೀವೇ ಇಟ್ಟುಕೊಳ್ಳಿ, ಅತ್ತೆಗೆ ಅದು ಬೇಕಿಲ್ಲ. ಅಳಿಸಿಹಾಕಿದ್ದರೆ ಅಳಿಸಿಹಾಕಿದ್ದೇವೆ ಎಂದು ಒಂದು ಸಾಲು ಬರೆಯಿರಿ. ಅತ್ತೆ ದಿನಾ ಸಂಜೆ ಕಿವಿಯ ಯಂತ್ರ ಹಾಕಿಕೊಂಡು, ಅಂಚೆಯವನು ಬಂದನಾ ಎಂದು ಕೇಳುತ್ತಿದ್ದಾರೆ.

ಇಂತಿ,
ಸುಕ್ಕು ಅಳಿಸುವ ಕಸುಬಿನವಳು, ನಗು ಅಳಿಸಲು ಇನ್ನೂ ಕಲಿಯದವಳು,
ಪ್ಯೊ ಹ್ಯೊನ್‌ಜಾ
ಹಳೆಯ ಮಾರುಕಟ್ಟೆಯ ಹಿಂದಿನ ಸ್ಟುಡಿಯೊ, ಆನ್‌ದೊಂಗ್